ಕೂಸು ಸಣ್ಣದಿದೆ ಅಂದರು, ಯಾವ ವಾರಕ್ಕೆ ಸಣ್ಣದು?

ಸ್ಕ್ಯಾನಿಂಗ್ ಮಾಡಿಸಿಕೊಂಡು ಹೊರಗೆ ಬಂದವಳ ಕೈಯಲ್ಲಿ ಒಂದು ಹಾಳೆ. ಅದರಲ್ಲಿ ನಾಲ್ಕು ಅಳತೆ, ಪ್ರತಿ ಅಳತೆಯ ಎದುರಿಗೆ ಇಷ್ಟು ವಾರ ಇಷ್ಟು ದಿನ ಎಂಬ ಲೆಕ್ಕ, ಕೆಳಗೆ ಗ್ರಾಮಿನಲ್ಲಿ ಕೂಸಿನ ತೂಕ. ‘ಬೆಳವಣಿಗೆ ಸ್ವಲ್ಪ ಹಿಂದೆ ಇದೆ’ ಎಂದು ಡಾಕ್ಟರ್ ಹೇಳಿರುತ್ತಾರೆ. ಚಳ್ಳಕೆರೆ ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಆ ‘ಸ್ವಲ್ಪ’ ಉದುರಿಹೋಗುತ್ತದೆ. ನಾಯಕನಹಟ್ಟಿ ಬಸ್ಸಿನಲ್ಲಿ ಅದು ‘ಕೂಸು ಬೆಳೀತಿಲ್ಲವಂತೆ’ ಎಂದಾಗುತ್ತದೆ. ಮನೆ ಮುಟ್ಟುವ ಹೊತ್ತಿಗೆ ‘ಇವಳು ನೆಟ್ಟಗೆ ಉಂಡರೆ ತಾನೇ’ ಎಂದು ತಪ್ಪು ಬಸುರಿಯ ತಲೆ ಮೇಲೆ ಕೂತಿರುತ್ತದೆ.

ಇದೇ ಚಳ್ಳಕೆರೆ ತಾಲ್ಲೂಕಿನ ವರವು ಕಾವಲು ಒಂದು ಕಾಲಕ್ಕೆ ಅಮೃತಮಹಲ್ ದನಗಳ ಹುಲ್ಲುಗಾವಲು. 2017ರ ಮೇ 28ರಂದು ಅಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಆ ವಲಯದ ಗೋಡೆಯ ಒಳಗೆ ಪೈಲಟ್ ಇಲ್ಲದ ವಿಮಾನದ ಹಾರಾಟವನ್ನು ಯಂತ್ರಗಳು ಅಳೆಯುತ್ತವೆ. ಗೋಡೆಯ ಹೊರಗಿನ ಹಟ್ಟಿಗಳಲ್ಲಿ ಬಸುರಿಯ ಹೊಟ್ಟೆ ಅಳೆಯಲು ಈಗಲೂ ಸಿಸ್ಟರ್ ಕೈಯ ಟೇಪೇ ಗತಿ. ಆ ಟೇಪನ್ನು ಹಗುರವಾಗಿ ಕಾಣಬೇಕಿಲ್ಲ, ಸರಿಯಾಗಿ ಹಿಡಿದರೆ ಅದು ಬಹಳಷ್ಟು ಹೇಳುತ್ತದೆ. ಆದರೆ ಟೇಪಿರಲಿ, ಲಕ್ಷಾಂತರ ರೂಪಾಯಿಯ ಸ್ಕ್ಯಾನಿಂಗ್ ಮೆಷಿನ್ ಇರಲಿ, ಎರಡಕ್ಕೂ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಇದು ಎಷ್ಟನೇ ವಾರ? ಶೇಂಗಾ ಬಿತ್ತಿದ ದಿನ ಗೊತ್ತಿಲ್ಲದೆ ಗಿಡದ ಎತ್ತರವೊಂದನ್ನೇ ನೋಡಿ ಬೆಳೆ ಹಿಂದೆ ಬಿದ್ದಿದೆ ಎಂದರೆ ಈ ಸೀಮೆಯ ಯಾವ ರೈತನೂ ಒಪ್ಪುವುದಿಲ್ಲ. ಕೂಸಿನ ವಿಷಯದಲ್ಲಿ ಮಾತ್ರ ನಾವು ಒಪ್ಪಿಬಿಡುತ್ತೇವೆ.

ತೇರಿನ ಹಿಂದೋ ಮುಂದೋ

ತಾಯಿ ಕಾರ್ಡಿನಲ್ಲಿ ಎಲ್‌ಎಂಪಿ ಎಂಬ ಕಲಂ ಇದೆ. ಕೊನೆಯ ಸಲ ಮುಟ್ಟಾದ ಮೊದಲ ದಿನವನ್ನು ಅಲ್ಲಿ ಬರೆಯಬೇಕು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವ ರೂಢಿ ನಮ್ಮ ಹಳ್ಳಿಗಳಲ್ಲಿ ಕಮ್ಮಿ. ‘ಎರಡು ತಿಂಗಳ ಹಿಂದೆ ಅಕ್ಕಾ’ ಎಂದರೆ ಸಿಸ್ಟರ್ ಒಂದು ತಾರೀಖು ಬರೆದುಬಿಡುತ್ತಾರೆ, ಬಹಳ ಸಲ ಅದು 1 ಅಥವಾ 15. ಅನುಭವ ಇರುವ ಆಶಾ ಕಾರ್ಯಕರ್ತೆ ಆದರೆ ಬೇರೆ ದಾರಿ ಹಿಡಿಯುತ್ತಾಳೆ.

‘ನಾಯಕನಹಟ್ಟಿ ತೇರಿಗೆ ಹೋಗಿದ್ದೇನವ್ವಾ?’

‘ಇಲ್ಲಕ್ಕಾ, ಹೊರಗಾಗಿದ್ದೆ. ಮನೆಯವರೆಲ್ಲ ಹೋದರು.’

‘ತೇರಿನ ದಿನವೇ ಆಗಿದ್ದೋ, ಹಿಂದಿನ ದಿನವೋ?’

‘ಹಿಂದಿನ ದಿನ ಸಂಜೆ. ಹೊಸ ಸೀರೆ ತೆಗೆದಿಟ್ಟಿದ್ದೆ, ಉಡೋಕಾಗಲಿಲ್ಲ.’

ಸಿಕ್ಕಿತಲ್ಲ ತಾರೀಖು. ಫಾಲ್ಗುಣದ ತಿಪ್ಪೇರುದ್ರಸ್ವಾಮಿ ತೇರು, ಯುಗಾದಿ, ಶೇಂಗಾ ಬಿತ್ತನೆ, ಶ್ರಾವಣ ಕಳೆದ ಮೇಲಿನ ಗೌರಸಮುದ್ರ ಮಾರಮ್ಮನ ಜಾತ್ರೆ, ಇವೆಲ್ಲ ಹೆಂಗಸರ ನೆನಪಿನಲ್ಲಿ ಇಸವಿ ತಾರೀಖಿಗಿಂತ ಗಟ್ಟಿಯಾಗಿ ಕೂತಿರುತ್ತವೆ. ದೇವರಿಗೆ ಹೋಗಲಿಲ್ಲ ಎಂಬ ನೆನಪಂತೂ ಇನ್ನೂ ಗಟ್ಟಿ. ಆ ದಿನಕ್ಕೆ 9 ತಿಂಗಳು 7 ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ. ಮಾರ್ಚ್ 10ಕ್ಕೆ ಮುಟ್ಟಾಗಿದ್ದರೆ ಡಿಸೆಂಬರ್ 17.

ಈ ಲೆಕ್ಕ 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಸರಿ. 40 ದಿನಕ್ಕೊಮ್ಮೆ ಆಗುವವಳಲ್ಲಿ ಗರ್ಭ ಕಟ್ಟುವುದೇ ಹನ್ನೆರಡು ದಿನ ತಡ, ಹಾಗಾಗಿ ಕೂಸು ಯಾವಾಗ ಅಳೆದರೂ ಹೆಚ್ಚುಕಮ್ಮಿ ಎರಡು ವಾರ ‘ಸಣ್ಣ’ ಕಾಣುತ್ತದೆ. ಹಿಂದಿನ ಮಗು ಇನ್ನೂ ಹಾಲು ಕುಡಿಯುತ್ತಿರುವಾಗ, ಮುಟ್ಟು ಮತ್ತೆ ಶುರುವಾಗುವ ಮೊದಲೇ ಬಸುರಾದವರಿಗೆ ಎಲ್‌ಎಂಪಿ ಎಂಬುದೇ ಇರುವುದಿಲ್ಲ. ತಿಂಗಳಿನ ಲೆಕ್ಕವೂ ಮೋಸ ಮಾಡುತ್ತದೆ. ಏಳು ತುಂಬಿತೋ ಏಳಕ್ಕೆ ಬಿತ್ತೋ ಎಂಬುದರ ನಡುವೆ ನಾಲ್ಕು ವಾರ ಕೂತಿದೆ. ಆಸ್ಪತ್ರೆಯಲ್ಲಿ ವಾರದಲ್ಲೇ ಮಾತಾಡಿ, ವಾರವನ್ನೇ ಕೇಳಿ.

ಮುಟ್ಟಿನ ನೆನಪಿಗಿಂತ ನಂಬಿಕಸ್ಥ ಸಾಕ್ಷಿ ಮೊದಲ ಸ್ಕ್ಯಾನಿಂಗ್. 14 ವಾರದೊಳಗೆ ಕೂಸನ್ನು ತಲೆಯಿಂದ ಕುಂಡೆಯವರೆಗೆ ಅಳೆದು ವಾರ ಹೇಳಿದರೆ ತಪ್ಪು ಐದಾರು ದಿನದ ಒಳಗೇ ಇರುತ್ತದೆ. ಅಷ್ಟು ಎಳೆಯದರಲ್ಲಿ ಎತ್ತರದ ತಾಯಿಯ ಕೂಸೂ ಗಿಡ್ಡ ತಾಯಿಯ ಕೂಸೂ ಒಂದೇ ಅಳತೆಯಲ್ಲಿ ಬೆಳೆಯುತ್ತವೆ. ಏಳೆಂಟನೇ ತಿಂಗಳಲ್ಲಿ ಮೊದಲ ಸಲ ಸ್ಕ್ಯಾನಿಂಗ್ ಮಾಡಿಸಿದರೆ ತಪ್ಪು ಮೂರು ವಾರದವರೆಗೂ ಹೋಗಬಹುದು. ಆಗ ಕೂಸು ಸಣ್ಣದೋ ಇಲ್ಲ ದಿನವೇ ಕಡಿಮೆಯೋ ಎಂದು ಯಾವ ತಜ್ಞರೂ ಒಂದೇ ನೋಟಕ್ಕೆ ಹೇಳಲಾರರು. ಮುಟ್ಟು ನಿಂತ ಕೂಡಲೇ ಹೆಸರು ಬರೆಸಿ, ಮೂರು ತಿಂಗಳೊಳಗೆ ಒಂದು ಸ್ಕ್ಯಾನ್ ಮಾಡಿಸಿ ಎಂದು ಆಶಾ ಬೆನ್ನು ಹತ್ತುವುದು ಇದಕ್ಕೇ.

ಮತ್ತೊಂದು ಗೊಂದಲ ಬಹಳ ಮನೆಗಳಲ್ಲಿ ಇದೆ. ಮೂರು ರಿಪೋರ್ಟಿನಲ್ಲಿ ಮೂರು ಹೆರಿಗೆ ತಾರೀಖು. ಪ್ರತಿ ಸಲ ಮೆಷಿನ್ ಅವತ್ತಿನ ಅಳತೆ ಹಿಡಿದು ಹೊಸ ತಾರೀಖು ಉಗುಳುತ್ತದೆ. ‘ಮುಂದಕ್ಕೆ ಹೋಗಿದೆಯಂತೆ’ ಎಂದು ಮನೆಯವರು ನೆಮ್ಮದಿಯಾಗುತ್ತಾರೆ. ಹೆರಿಗೆ ದಿನ ಮುಂದಕ್ಕೆ ಹೋಗುವಂಥದ್ದಲ್ಲ. ಮೊದಲ ಸ್ಕ್ಯಾನಿನಲ್ಲಿ ಗೊತ್ತಾದ ತಾರೀಖೇ ಕೊನೆಯವರೆಗೂ ತಾರೀಖು. ಆ ಲೆಕ್ಕಕ್ಕೆ 34 ವಾರದ ಕೂಸು 31 ವಾರದ ಅಳತೆಯಲ್ಲಿದ್ದರೆ ತಾರೀಖನ್ನು ತಿದ್ದಬಾರದು, ಕೂಸು ಯಾಕೆ ಹಿಂದೆ ಬಿತ್ತು ಎಂದು ನೋಡಬೇಕು. ತಾರೀಖು ತಿದ್ದಿಕೊಂಡು ಸುಮ್ಮನಾದರೆ ನಿಜವಾದ ತೊಂದರೆ ಮುಚ್ಚಿಹೋಗುತ್ತದೆ.

ಟೇಪು ಮತ್ತು ಹಾಳೆ

ಟೇಪಿನ ಅಳತೆ ಹೀಗೆ. ಮೂತ್ರಕ್ಕೆ ಹೋಗಿ ಬಂದು ಅಂಗಾತ ಮಲಗಬೇಕು. ಹೊಟ್ಟೆಯ ಬುಡದಲ್ಲಿ ಕೈಗೆ ಗಟ್ಟಿ ಸಿಗುವ ಎಲುಬಿನಿಂದ ಗರ್ಭಕೋಶದ ನೆತ್ತಿಯವರೆಗೆ ಎಷ್ಟು ಸೆಂಟಿಮೀಟರ್ ಎಂದು ನೋಡುತ್ತಾರೆ. ಒಳ್ಳೆಯ ಸಿಸ್ಟರ್ ಟೇಪಿನ ಅಂಕಿ ಇರುವ ಮುಖವನ್ನು ಕೆಳಗೆ ಮಾಡಿ ಅಳೆದು, ಆಮೇಲೆ ಮಗುಚಿ ಓದುತ್ತಾರೆ. ಅಂಕಿ ಕಣ್ಣಿಗೆ ಕಾಣುತ್ತಿದ್ದರೆ ಕೈ ತಾನಾಗಿಯೇ ‘ಬರಬೇಕಾದ’ ಅಂಕಿಗೆ ಹೋಗಿ ನಿಲ್ಲುತ್ತದೆ. 24ರಿಂದ 36 ವಾರದವರೆಗೆ ವಾರ ಎಷ್ಟೋ ಸೆಂಟಿಮೀಟರೂ ಸುಮಾರಾಗಿ ಅಷ್ಟೇ. ಎರಡು ಹೆಚ್ಚುಕಮ್ಮಿಯಾದರೆ ಚಿಂತೆಯಿಲ್ಲ. 30 ವಾರಕ್ಕೆ 26 ಬಂದರೆ ಸ್ಕ್ಯಾನಿಂಗಿಗೆ ಬರೆಯಬೇಕು. ಹೋದ ತಿಂಗಳ ಅಂಕಿಯೇ ಈ ತಿಂಗಳೂ ಬಂದರೆ ಅದು ಇನ್ನೂ ಗಂಭೀರ. ಒಂಬತ್ತು ತುಂಬುವ ಹೊತ್ತಿಗೆ ಕೂಸಿನ ತಲೆ ಕೆಳಗಿಳಿದು ಹೊಟ್ಟೆ ಜಗ್ಗಿದಂತಾಗುವುದು ಸಹಜ, ಆಗ ಅಂಕಿ ಇಳಿದರೆ ಹೆದರಬೇಡಿ. ಓರಗಿತ್ತಿಯ ಹೊಟ್ಟೆಗೆ ಹೋಲಿಸಿ ಕಣ್ಣಲ್ಲೇ ಅಳೆಯುವವರ ಮಾತಿಗೆ ಮಾತ್ರ ಕಿವಿ ಕೊಡಬೇಡಿ.

ಇನ್ನು ಸ್ಕ್ಯಾನಿಂಗ್ ಹಾಳೆ. ಬಿಪಿಡಿ ಎಂದರೆ ತಲೆಯ ಅಗಲ, ಎಚ್‌ಸಿ ತಲೆಯ ಸುತ್ತಳತೆ, ಎಸಿ ಹೊಟ್ಟೆಯ ಸುತ್ತಳತೆ, ಎಫ್‌ಎಲ್ ತೊಡೆ ಎಲುಬಿನ ಉದ್ದ. ತೊಡೆ ಎಲುಬೊಂದೇ ನಾಲ್ಕು ದಿನ ಹಿಂದಿದ್ದರೆ ಅಪ್ಪ ಅಮ್ಮನ ಎತ್ತರ ನೋಡಿಕೊಂಡರೆ ಸಾಕು. ತಲೆ ಒತ್ತಿದಂತೆ ಕೂತಿದ್ದರೆ ಬಿಪಿಡಿ ಕಮ್ಮಿ ಬರುತ್ತದೆ, ಸುತ್ತಳತೆ ಸರಿಯಿದ್ದರೆ ಅದನ್ನು ಬಿಡಿ. ಡಾಕ್ಟರ್ ಕಣ್ಣು ಮೊದಲು ಹೋಗುವುದು ಎಸಿ ಮೇಲೆ. ಕಸದ (ಮಾಸು, ಪ್ಲಸೆಂಟಾ) ಮೂಲಕ ಬರುವ ರಕ್ತ ಕಮ್ಮಿಯಾದಾಗ ಕೂಸು ಇದ್ದಷ್ಟನ್ನು ಮಿದುಳಿಗೆ ಕಳಿಸಿ, ಪಿತ್ತಜನಕಾಂಗದಲ್ಲಿ ಕೂಡಿಟ್ಟಿದ್ದನ್ನು ಖರ್ಚು ಮಾಡುತ್ತದೆ. ತಲೆ ಸರಿ, ಹೊಟ್ಟೆ ಸಣ್ಣ ಎಂದು ಹಾಳೆಯಲ್ಲಿ ಕಾಣುವುದು ಆ ಬಡತನವೇ. ಮೂರು ತಿಂಗಳೊಳಗಿನ ಸ್ಕ್ಯಾನ್ ಇಲ್ಲದೆ ನಾಲ್ಕೂ ಅಳತೆ ಒಂದೇ ಸಮ ಹಿಂದಿದ್ದರೆ ಮೊದಲು ತಾರೀಖನ್ನು ಅನುಮಾನಿಸಿ.

ತೂಕ ಎಂದು ಬರೆದಿರುವುದು ತಕ್ಕಡಿಯ ತೂಕ ಅಲ್ಲ. ಈ ಅಳತೆಗಳನ್ನು ಸೂತ್ರಕ್ಕೆ ಹಾಕಿ ತೆಗೆದ ಅಂದಾಜು. ಹೆಚ್ಚಿನ ಮೆಷಿನ್‌ಗಳಲ್ಲಿ ಇರುವುದು ಅಮೆರಿಕದ ಹ್ಯಾಡ್‌ಲಾಕ್ ಎಂಬ ವೈದ್ಯರ 1980ರ ದಶಕದ ಸೂತ್ರ. ಅದರಲ್ಲಿ ಶೇ. 10ರಿಂದ 15ರಷ್ಟು ಆಚೀಚೆ ಆಗುವುದು ಮಾಮೂಲು. 1800 ಗ್ರಾಂ ಎಂದಿದ್ದರೆ ಕೂಸು ನಿಜವಾಗಿ 1530 ಇರಬಹುದು, 2070 ಕೂಡ ಇರಬಹುದು. ಸೋಮವಾರ ಒಂದು ಕಡೆ, ಗುರುವಾರ ಇನ್ನೊಂದು ಕಡೆ ಸ್ಕ್ಯಾನಿಂಗ್ ಮಾಡಿಸಿ ‘ಮೂರು ದಿನಕ್ಕೆ ನೂರು ಗ್ರಾಂ ಇಳಿದುಹೋಯ್ತು’ ಎಂದು ಅಳುವವರಿದ್ದಾರೆ. ದುಡ್ಡು ದಂಡ, ನಿದ್ದೆಯೂ ದಂಡ. ಎರಡು ಅಳತೆಗಳ ನಡುವೆ ಕನಿಷ್ಠ ಎರಡು ವಾರ ಇರಲಿ, ಸಾಧ್ಯವಾದರೆ ಅದೇ ಸೆಂಟರಿನಲ್ಲಿ. ಎಂಟನೇ ತಿಂಗಳ ಸುಮಾರಿಗೆ ಹೊಟ್ಟೆಯ ಸುತ್ತಳತೆ ವಾರಕ್ಕೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಕೂಸು ಸಣ್ಣದೇ ಇದ್ದರೂ ತನ್ನ ಗತಿಯಲ್ಲಿ ಬೆಳೆಯುತ್ತಾ ಹೋದರೆ ಬಹುಪಾಲು ಅದು ಸಣ್ಣ ಮೈಕಟ್ಟಿನ ಆರೋಗ್ಯದ ಕೂಸು. ಚೆನ್ನಾಗಿದ್ದದ್ದು ನಿಂತುಬಿಟ್ಟರೆ, ತೂಕ ದೊಡ್ಡದೇ ಇದ್ದರೂ, ಅದು ತೊಂದರೆ.

‘10ನೇ ಪರ್ಸೆಂಟೈಲ್‌ಗಿಂತ ಕೆಳಗೆ’ ಎಂಬ ಸಾಲು ಕಂಡು ಜೀವ ಬಾಯಿಗೆ ಬರುತ್ತದೆ. ಅದೇ ವಾರದ ನೂರು ಕೂಸುಗಳನ್ನು ಸಾಲಾಗಿ ನಿಲ್ಲಿಸಿದರೆ ಸಣ್ಣ ಕಡೆಯಿಂದ ಮೊದಲ ಹತ್ತರಲ್ಲಿ ಒಂದು ಎಂದಷ್ಟೇ ಅದರ ಅರ್ಥ. ಆ ಹತ್ತರಲ್ಲಿ ಬಹಳಷ್ಟು ಗಟ್ಟಿಮುಟ್ಟಾದವೇ ಇರುತ್ತವೆ. 3ಕ್ಕಿಂತ ಕೆಳಗೆ ಎಂದಿದ್ದರೆ ಮಾತು ಬೇರೆ. ಯಾರ ಸಾಲು ಎಂಬುದೂ ಮುಖ್ಯ. ಹ್ಯಾಡ್‌ಲಾಕ್ ಪಟ್ಟಿ ತಯಾರಾದದ್ದು ಅಮೆರಿಕದ ಹ್ಯೂಸ್ಟನ್ ನಗರದ, ಬಹುತೇಕ ಮಧ್ಯಮ ವರ್ಗದ ಬಿಳಿಯ ಹೆಂಗಸರ ಕೂಸುಗಳಿಂದ. ಅದರ ಪ್ರಕಾರ 40 ವಾರಕ್ಕೆ ನಡುವಿನ ತೂಕ ಸುಮಾರು 3.6 ಕಿಲೊ. ಪುಣೆ ಸುತ್ತಿನ ಹಳ್ಳಿಗಳಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ತೂಗಿದಾಗ ದಿನ ತುಂಬಿ ಹುಟ್ಟಿದ ಕೂಸುಗಳ ಸರಾಸರಿ 2.7 ಕಿಲೊ ಬಂತು. ಹೊಟ್ಟೆಯ ಸುತ್ತಳತೆಯಲ್ಲಂತೂ ನಮ್ಮ ಕೂಸುಗಳು ಬಿಳಿಯರ ಕೂಸುಗಳಿಗಿಂತ ಬಹಳವೇ ಸಣ್ಣ. ಇಂಟರ್‌ಗ್ರೋತ್-21 ಎಂಬ ಇತ್ತೀಚಿನ ಪಟ್ಟಿಯಲ್ಲಿ ಎಂಟು ದೇಶಗಳ ಕೂಸುಗಳಿವೆ, ನಾಗಪುರದವೂ ಸೇರಿವೆ. ‘ಯಾವ ಚಾರ್ಟ್ ಪ್ರಕಾರ ಸರ್?’ ಎಂದು ಕೇಳಿದರೆ ಯಾರೂ ಬೈಯುವುದಿಲ್ಲ.

ಹಾಗೆಂದು ‘ನಮ್ಮ ಕಡೆ ಕೂಸು ಸಣ್ಣವೇ’ ಎಂದು ಕೈಚೆಲ್ಲಿ ಕೂರುವುದೂ ತಪ್ಪು. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯವರು 1934ರಿಂದಲೂ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಅಳತೆಯನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಆ ಕೂಸುಗಳು ನಡುವಯಸ್ಸಿಗೆ ಬಂದ ಮೇಲೆ ಸಂಶೋಧಕರು ಅವರನ್ನು ಹುಡುಕಿಕೊಂಡು ಹೋಗಿ ಹೃದಯ ಪರೀಕ್ಷೆ ಮಾಡಿದರು. 1996ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಎರಡೂವರೆ ಕಿಲೊ ಅಥವಾ ಅದಕ್ಕಿಂತ ಕಮ್ಮಿ ಹುಟ್ಟಿದವರಲ್ಲಿ ಶೇ. 11 ಮಂದಿಗೆ ಹೃದ್ರೋಗ ಕಂಡಿತು, ಮೂರು ಕಿಲೊ ದಾಟಿ ಹುಟ್ಟಿದವರಲ್ಲಿ ಶೇ. 3. ಬಸುರಿನಲ್ಲಿ ಕೊಟ್ಟ ಊಟದ ಲೆಕ್ಕ ಐವತ್ತು ವರ್ಷದ ಮೇಲೂ ಚುಕ್ತಾ ಆಗಿರುವುದಿಲ್ಲ.

ಯಾವಾಗ ಓಡಬೇಕು

ಸಣ್ಣದು ಎಂಬ ಅನುಮಾನ ಗಟ್ಟಿಯಾದರೆ ಮುಂದಿನ ಪರೀಕ್ಷೆ ಡಾಪ್ಲರ್. ಹೊಕ್ಕುಳಬಳ್ಳಿಯಲ್ಲಿ ರಕ್ತ ಎಷ್ಟು ಸರಾಗವಾಗಿ ಹರಿಯುತ್ತಿದೆ ಎಂದು ಅದೇ ಸ್ಕ್ಯಾನಿಂಗಿನಲ್ಲಿ ನೋಡುತ್ತಾರೆ. ಹರಿವು ಸರಿ ಇದ್ದರೆ ಎರಡು ವಾರಕ್ಕೊಮ್ಮೆ ಅಳತೆ ನೋಡುತ್ತಾ 38–39 ವಾರದವರೆಗೂ ಕಾಯುವುದುಂಟು. ಹರಿವಿನಲ್ಲಿ ತಡೆ ಕಂಡರೆ 37 ವಾರದ ಹೊತ್ತಿಗೆ ಹೆರಿಗೆ. ಎದೆಬಡಿತಗಳ ನಡುವೆ ಹರಿವು ನಿಂತೇಹೋಗುತ್ತಿದ್ದರೆ ಅಥವಾ ಹಿಂದಕ್ಕೆ ತಿರುಗಿದ್ದರೆ ಅವತ್ತೇ ದೊಡ್ಡಾಸ್ಪತ್ರೆಗೆ ಸೇರಬೇಕು. ‘ಅಮಾವಾಸ್ಯೆ ಕಳೀಲಿ’ ಎನ್ನುವಂತಿಲ್ಲ. ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗಿ ಬಂದರೆ ಕೂಸಿನ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ಅದು ಕೆಲಸ ಮಾಡಲು ಒಂದೆರಡು ದಿನ ಬೇಕು. ಅದಕ್ಕೂ ಸಮಯ ಉಳಿಸಿಕೊಂಡೇ ಹೊರಡಿ.

‘ನೀರು ಕಮ್ಮಿ’ ಎಂಬ ಮಾತೂ ಇದರ ಜೊತೆಗೇ ಬರುತ್ತದೆ. ಕೂಸಿನ ಸುತ್ತಲಿನ ನೀರಿನ ಅಳತೆಯಾದ ಎಎಫ್‌ಐ 5ಕ್ಕಿಂತ ಕೆಳಗಿದ್ದರೆ ಕಮ್ಮಿ. 8, 9 ಎಂದಿದ್ದರೆ ಗಾಬರಿ ಬೇಡ, ಚೆನ್ನಾಗಿ ನೀರು ಕುಡಿದು ಮತ್ತೆ ತೋರಿಸಿ.

ಮನೆಯಲ್ಲೇ ಮಾಡಬಹುದಾದ ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆಗೆ ಕಾಸು ಬೇಕಿಲ್ಲ. ಏಳು ತಿಂಗಳ ಮೇಲೆ, ಉಂಡಾದ ಬಳಿಕ ಎಡಮಗ್ಗುಲಾಗಿ ಮಲಗಿ ಕೂಸು ಮಿಸುಕುವುದನ್ನು ಎಣಿಸಿ. ಎರಡು ತಾಸಿನಲ್ಲಿ ಹತ್ತು ಸಲವಾದರೂ ಆಡಬೇಕು. ಆಗದಿದ್ದರೆ, ಅಥವಾ ದಿನಾ ಆಡುವ ಕೂಸು ಇವತ್ತು ಸಪ್ಪಗಿದೆ ಅನ್ನಿಸಿದರೆ, ರಾತ್ರಿಯಾದರೂ 108ಕ್ಕೆ ಫೋನ್ ಮಾಡಿ. ‘ದಿನ ಹತ್ತಿರ ಬಂದಾಗ ಕೂಸು ಆಟ ನಿಲ್ಲಿಸುತ್ತೆ’ ಎಂದು ಹಿರಿಯರು ಹೇಳುವ ಮಾತು ಸುಳ್ಳು, ಅದನ್ನು ನಂಬಿ ಕೂಸು ಕಳೆದುಕೊಂಡವರಿದ್ದಾರೆ. ಬಿಪಿ 140/90 ಮುಟ್ಟಿದರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ, ರಕ್ತ ಕಂಡರೆ, ನೀರು ಹೋದರೆ ಆಗಲೂ ಅಷ್ಟೇ.

ಉಣ್ಣುವುದು, ನುಂಗುವುದು

ಈ ಸೀಮೆಯಲ್ಲಿ ಕೂಸು ಬೆಳೆಯದಿರಲು ಕಾರಣ ಹುಡುಕುವಾಗ ಮೊದಲು ನೋಡಬೇಕಾದದ್ದು ತಾಯಿಯ ರಕ್ತ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಗರ್ಭಿಣಿಯರ ಪೈಕಿ ನೂರಕ್ಕೆ 45ಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ಅದು ಆಸ್ಪತ್ರೆಯಲ್ಲೇ ನೋಡಬೇಕಾದ ಕೇಸು. ಸರ್ಕಾರ ಕೊಡುವ ಕಬ್ಬಿಣದ ಮಾತ್ರೆ ದಿನಕ್ಕೊಂದರಂತೆ ಕನಿಷ್ಠ 180 ದಿನ. ಅದನ್ನು ಟೀ ಜೊತೆ ನುಂಗಿದರೆ ಅರ್ಧಕ್ಕರ್ಧ ವ್ಯರ್ಥ, ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ಬೇಡ. ರಾತ್ರಿ ಊಟವಾಗಿ ಸ್ವಲ್ಪ ಹೊತ್ತು ಬಿಟ್ಟು ನಿಂಬೆಹಣ್ಣಿನ ನೀರಲ್ಲಿ ನುಂಗಿ. ‘ಮಾತ್ರೆ ನುಂಗಿದರೆ ಕೂಸು ಕಪ್ಪಾಗುತ್ತೆ’ ಎಂಬುದಕ್ಕೆ ಆಧಾರ ಇಲ್ಲ, ಕಪ್ಪಾಗುವುದು ಮಲ ಅಷ್ಟೇ.

‘ಜಾಸ್ತಿ ಉಂಡರೆ ಕೂಸು ದಪ್ಪ ಆಗಿ ಹೆರಿಗೆ ಕಷ್ಟ’ ಎಂದು ಊಟ ಕಟ್ಟುವ ಪದ್ಧತಿ ಇನ್ನೊಂದು. ಸಿಸೇರಿಯನ್ ಭಯಕ್ಕೆ ಅದು ಈಗ ಇನ್ನೂ ಜೋರಾಗಿದೆ. ಊಟ ಕಟ್ಟಿದರೆ ಹೆರಿಗೆ ಸಲೀಸಾಗುವುದಿಲ್ಲ, ಹೆರುವ ಶಕ್ತಿ ಇಲ್ಲದ ತಾಯಿ ಮತ್ತು ತಡೆದುಕೊಳ್ಳುವ ಶಕ್ತಿ ಇಲ್ಲದ ಕೂಸು, ಎರಡೂ ಒಟ್ಟಿಗೆ ಆಸ್ಪತ್ರೆಗೆ ಬರುತ್ತವೆ. ರಾಗಿಮುದ್ದೆ, ಸೊಪ್ಪಿನ ಸಾರು, ಹುರಿದ ಶೇಂಗಾ, ಬೆಲ್ಲ, ಮೊಟ್ಟೆ, ಇವೆಲ್ಲ ಇಲ್ಲೇ ಸಿಗುವಂಥವು. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಇದೆ. ‘ಬಸುರಿ ದಿನಾ ಅಂಗನವಾಡಿಗೆ ಹೋಗಿ ಉಂಡು ಬರೋದೇನು, ನಮ್ಮ ಮನೇಲಿ ಅನ್ನ ಇಲ್ವಾ’ ಎನ್ನುವ ಮಾವನ ಮರ್ಯಾದೆಗೆ ಈ ಊಟ ಎಷ್ಟೋ ಕಡೆ ಬಲಿಯಾಗುತ್ತದೆ. ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು ಕೂಸಿನ ತೂಕವನ್ನು ನೇರವಾಗಿ ತಿನ್ನುತ್ತದೆ. ಸೌದೆ ಒಲೆಯ ಹೊಗೆಯೂ ಕೂಸಿಗೆ ಒಳ್ಳೆಯದಲ್ಲ.

ಅತ್ತ ಕಸದಲ್ಲೇ ತೊಂದರೆ ಇದ್ದರೆ ಎಷ್ಟು ತಿಂದರೂ ಕೂಸಿಗೆ ತಲುಪುವುದಿಲ್ಲ. ಆಗ ಬಸುರಿಗೆ ‘ತಿನ್ನು ತಿನ್ನು’ ಎಂದು ಹಿಂಸೆ ಮಾಡಿ ಪ್ರಯೋಜನವಿಲ್ಲ. ‘ಕೂಸು ಬೆಳೆಯೋ ಡ್ರಿಪ್’ ಎಂದು ಹಾಕುವ ಅಮಿನೋ ಆಸಿಡ್ ಬಾಟಲಿ, ದುಬಾರಿ ಪ್ರೋಟೀನ್ ಪುಡಿ, ಹಾಸಿಗೆ ಬಿಟ್ಟು ಏಳಬೇಡ ಎಂಬ ಕಟ್ಟಳೆ, ಇವುಗಳಿಂದ ಕೂಸು ಬೆಳೆದದ್ದಕ್ಕೆ ಗಟ್ಟಿ ಪುರಾವೆ ಇಲ್ಲ. ಆ ದುಡ್ಡನ್ನು ಚಿತ್ರದುರ್ಗಕ್ಕೆ ಹೋಗಿಬರುವ ಖರ್ಚಿಗೆ ಇಟ್ಟುಕೊಳ್ಳಿ. ಹಿಂದಿನ ಬಸುರಿನಲ್ಲಿ ಬಿಪಿ ಏರಿತ್ತು, ಕೂಸು ಸಣ್ಣದಾಗಿತ್ತು ಎನ್ನುವವರು ಈ ಸಲ ಮೂರನೇ ತಿಂಗಳಲ್ಲೇ ಡಾಕ್ಟರಿಗೆ ಹೇಳಿ. ಕಮ್ಮಿ ಡೋಸಿನ ಆಸ್ಪಿರಿನ್ ಬೇಕಾಗಬಹುದು, ಅದನ್ನು 16 ವಾರದೊಳಗೆ ಶುರುಮಾಡಿದರೆ ಹೆಚ್ಚು ಉಪಯೋಗ.

ಸಣ್ಣ ಕೂಸು ಎಂದು ಖಚಿತವಾದ ಮೇಲೆ ಹೆರಿಗೆ ಎಲ್ಲಿ ಎಂಬುದನ್ನು ಮೊದಲೇ ತೀರ್ಮಾನಿಸಿ. ಹುಟ್ಟಿದ ಮೇಲೆ ಆಂಬುಲೆನ್ಸಿನಲ್ಲಿ ಕೂಸನ್ನು ಸಾಗಿಸುವುದಕ್ಕಿಂತ ಹೊಟ್ಟೆಯಲ್ಲಿದ್ದಾಗಲೇ ಸಾಗಿಸುವುದು ಸಾವಿರ ಪಾಲು ವಾಸಿ. ಚಳ್ಳಕೆರೆ ಕಡೆಯವರಿಗೆ ಚಿತ್ರದುರ್ಗ ಜಿಲ್ಲಾಸ್ಪತ್ರೆ ಮೂವತ್ತು ಕಿಲೋಮೀಟರ್ ಸುಮಾರಿಗೆ ಸಿಗುತ್ತದೆ, ಮೊಳಕಾಲ್ಮೂರು ಕಡೆಯವರು ಬಳ್ಳಾರಿಯ ಮೆಡಿಕಲ್ ಕಾಲೇಜಿಗೆ ಹೋಗುವುದುಂಟು. ಎಲ್ಲಿಗೇ ಹೋದರೂ ನವಜಾತ ಶಿಶುಗಳ ಘಟಕ ಇದೆಯೇ ಎಂದು ಮೊದಲೇ ಕೇಳಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ಡಾಕ್ಟರೇ ಉಚಿತವಾಗಿ ನೋಡುತ್ತಾರೆ, ಈ ಮಾತು ಅವತ್ತೇ ಆಗಿಹೋಗಲಿ. ಕುರಿ ಹಿಂಡಿನ ಜೊತೆ ವಲಸೆ ಹೊರಡುವವರು, ತವರಿಗೆ ಹೋಗುವವರು ತಾಯಿ ಕಾರ್ಡನ್ನೂ ಎಲ್ಲ ಸ್ಕ್ಯಾನಿಂಗ್ ಹಾಳೆಗಳನ್ನೂ ಒಂದೇ ಕವರಿನಲ್ಲಿ ಹಾಕಿ ಜೊತೆಗೆ ಒಯ್ಯಿರಿ. ಮುಖ್ಯವಾಗಿ ಮೊದಲ ಸ್ಕ್ಯಾನಿನ ಹಾಳೆ.

ಎರಡೂವರೆ ಕಿಲೊಗಿಂತ ಕಮ್ಮಿ ಹುಟ್ಟಿದ ಕೂಸಿನ ಮೊದಲ ಶತ್ರು ಚಳಿ. 2023ರ ಜುಲೈನಲ್ಲಿ ತುಮಕೂರು ಬಳಿಯ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಸೂತಕವೆಂದು ಬಾಣಂತಿಯನ್ನು ಊರಾಚೆ ಗುಡಿಸಿಲಿನಲ್ಲಿ ಇಟ್ಟಾಗ, ದಿನ ತುಂಬದೆ ಹುಟ್ಟಿದ್ದ ಹಸುಗೂಸು ಮಳೆ ಚಳಿಗೆ ತೀರಿಕೊಂಡಿತು. ನಮ್ಮ ತಾಲ್ಲೂಕುಗಳ ಹಟ್ಟಿಗಳಲ್ಲೂ ಆ ಪದ್ಧತಿ ಗೊತ್ತಿರುವಂಥದ್ದೇ. ಹಟ್ಟಿಯ ಹಿರಿಯರ ಜೊತೆ ಆಶಾ, ಅಂಗನವಾಡಿ ಟೀಚರ್ ಹೆರಿಗೆಗೆ ಮುಂಚೆಯೇ ಕೂತು ಮಾತಾಡಬೇಕು, ಹೆರಿಗೆಯಾದ ಮೇಲೆ ಯಾರೂ ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಸಣ್ಣ ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಕಟ್ಟಿ, ಮೇಲೆ ಹೊದಿಸಿ, ದಿನದ ಹೆಚ್ಚು ಹೊತ್ತು ಹಾಗೇ ಇಟ್ಟುಕೊಳ್ಳುವ ಕ್ರಮಕ್ಕೆ ಕಾಂಗರೂ ಆರೈಕೆ ಎನ್ನುತ್ತಾರೆ. ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು ಸರ್ಕಾರಿ ಆಸ್ಪತ್ರೆಗಳ ಜೊತೆ ಸೇರಿ ಇದನ್ನು ಜಿಲ್ಲೆಯ ಉದ್ದಗಲಕ್ಕೂ ಮಾಡಿ ತೋರಿಸಿದ್ದಾರೆ. ತಾಯಿಗೆ ಸುಸ್ತಾದರೆ ಅಜ್ಜಿ ಕಟ್ಟಿಕೊಳ್ಳಬಹುದು, ಅಪ್ಪನೂ ಕಟ್ಟಿಕೊಳ್ಳಬಹುದು. ಸ್ನಾನವನ್ನು ಮುಂದಕ್ಕೆ ಹಾಕಿ, ತಲೆಗೆ ಟೋಪಿ ಇರಲಿ, ಎರಡು ತಾಸಿಗೊಮ್ಮೆ ಎದೆಹಾಲು. ತೂಕ ನೋಡಲು ಆಶಾ ಮನೆಗೆ ಬಂದಾಗ ಬಾಗಿಲು ತೆಗೆಯಿರಿ.